ಪಟ್ಟಿ ಅಳಿಸಿದ ಹೆಂಗಸು

"ಗುರುಗಳೇ, ಹನ್ನೆರಡು ವರ್ಷ ಕಲಿತದ್ದೆಲ್ಲ ಜ್ವರದಲ್ಲಿ ಮರೆತುಹೋಯಿತು. ಮತ್ತೆ ಮೊದಲಿನಿಂದ ಪಾಠ ಹೇಳಿಸಿಕೊಳ್ಳಲೇ, ಮಠ ಬಿಟ್ಟು ಹೋಗಲೇ?" ಎಂದು ಚೆನ್ನಮಲ್ಲನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ರಕ್ತನಿಧಿಯ ಕಂಪ್ಯೂಟರನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಅದು ನಡೆಯುತ್ತಿದ್ದುದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ. ತನ್ನೊಳಗೆ ಯಾವ ಯಾವ ತಂತ್ರಾಂಶಗಳಿವೆ ಎಂದು ಅದು ಒಂದು ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಒಂದು ಬೆಳಿಗ್ಗೆ ಬೇಡದ ಕಡತಗಳನ್ನು ತೆಗೆಯಲು ಹೋಗಿ ಅವಳು ಆ ಪಟ್ಟಿಯನ್ನೇ ಅಳಿಸಿಬಿಟ್ಟಳು. ಅದರ ನಕಲನ್ನೂ ತೆಗೆದಿಟ್ಟಿರಲಿಲ್ಲ.

ಕೆಲಸವೇನೂ ನಿಲ್ಲಲಿಲ್ಲ. ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಕೇಳಿದವರಿಗೆ ಕಂಪ್ಯೂಟರ್ ಉತ್ತರ ಕೊಡುತ್ತಲೇ ಇತ್ತು. ಆದರೆ ಅವಳು ಹೊಸ ತಂತ್ರಾಂಶವೊಂದನ್ನು ಹಾಕಹೋದಾಗ, ಅದು ತನ್ನಲ್ಲಿ ಏನೇನೂ ಇಲ್ಲವೆಂದು ಹೇಳಿ ಹಟ ಹಿಡಿಯಿತು. ಅವಳು ತನ್ನ ತಪ್ಪನ್ನು ಮುಚ್ಚಿಡದೆ ಹೋಗಿ ಮೇಲಧಿಕಾರಿಗೆ ಹೇಳಿದಳು.

"ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡಮ್ಮ. ಎರಡು ದಿನದ ಕೆಲಸ," ಎಂದರು ಅವರು.

"ಎರಡು ದಿನ ರಕ್ತ ಕೇಳಿಕೊಂಡು ಬಂದವರಿಗೆ ಏನು ಹೇಳೋದು ಸಾರ್? ಅದು ನಡೀತಾ ಇದೆ. ನಡೀತಿರೋದನ್ನ ಹೇಗೆ ಅಳಿಸಲಿ?"

ಅವರು ಸಂಜೆಯವರೆಗೆ ಗಡುವು ಕೊಟ್ಟರು.

ಅವಳು ಕಳೆದ ಪಟ್ಟಿಯನ್ನು ಹುಡುಕುವುದು ಬಿಟ್ಟು, ಕಂಪ್ಯೂಟರಿನೊಳಗೆ ಇರುವುದನ್ನು ನೋಡತೊಡಗಿದಳು. ತಂತ್ರಾಂಶಗಳು ಒಳಗೆ ಬರುವಾಗ ತಮ್ಮ ವಿವರಣೆಯನ್ನು ತಮ್ಮದೇ ಹೆಸರಿನ ಫೋಲ್ಡರಿನಲ್ಲಿ ಇಟ್ಟಿರುತ್ತವೆ. ಯಾರೂ ತೆರೆಯದ ಆ ಫೋಲ್ಡರುಗಳ ಹೆಸರನ್ನೆಲ್ಲ ಬರೆದುಕೊಂಡಳು. ಸಾವಿರದ ನೂರಾ ಆರು ಆದವು. ಖಾಲಿ ಪಟ್ಟಿಯೊಂದನ್ನು ಮಾಡಿಟ್ಟು, ಒಂದೊಂದು ತಂತ್ರಾಂಶವನ್ನೂ ಅದು ಇದ್ದ ಜಾಗದಲ್ಲೇ ಮತ್ತೆ ಹಾಕಿಸಿದಳು. ಹಾಕಿದ ಹಾಗೆಲ್ಲ ಕಂಪ್ಯೂಟರ್ ಅದರ ಹೆಸರನ್ನು ತಾನೇ ಬರೆದುಕೊಂಡಿತು. ಫೋಲ್ಡರ್ ಇಡದೆ ಬಂದಿದ್ದ ಮೂರು ಮಾತ್ರ ಬಿಟ್ಟುಹೋದವು. ಬೇಕಾಗಿ ಬಂದ ದಿನ ಅವೂ ಸಿಕ್ಕವು. ಪಟ್ಟಿ ಅಳಿಸಿದ ಆ ದಿನ ರಕ್ತಕ್ಕೆಂದು ಬಂದ ಯಾರೂ ಬರಿಗೈಯಲ್ಲಿ ಹಿಂದಿರುಗಲಿಲ್ಲ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಚೆನ್ನಮಲ್ಲನಿಗೆ ಸಮಾಧಾನವಾಗಲಿಲ್ಲ. "ಅದರೊಳಗೆ ಎಲ್ಲ ಇತ್ತು, ಸರಿ. ನನ್ನೊಳಗೆ ಏನು ಉಳಿದಿದೆ? ಒಂದು ವಚನವೂ ಬಾಯಿಗೆ ಬರುವುದಿಲ್ಲ," ಎಂದ.

ಗುರುಗಳು ಕೇಳಿದರು: "ನಿನ್ನೆ ನಿನ್ನ ಊಟದ ಎಲೆಯನ್ನು ಹಸಿದು ಬಂದ ಆ ಕುರುಡಜ್ಜನ ಮುಂದಕ್ಕೆ ಸರಿಸುವಾಗ ಯಾವ ವಚನ ನೆನಪಿಸಿಕೊಂಡೆ?"