ಹೊಂಡದ ಮೀನಿಗೆ ಬಾಳೆಸಿಪ್ಪೆ

ಹೊಳೆದಂಡೆಯಲ್ಲಿ ಅಂಬಿಗರ ಚೌಡಜ್ಜನ ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಹೊಂಡ, ಅಷ್ಟೇ. ಹೊಳೆ ದಾಟುವವರಿಗೆಲ್ಲ ಅಲ್ಲಿ ಊಟ. ಶಿಷ್ಯರಿಗೆ ಮೀನು ಸಾಕುವುದೇ ಪಾಠ.

ಮೂರು ವರ್ಷ ಕಾದ ಮೇಲೆ ಶಿಷ್ಯ ದುರುಗೇಶನ ಕೈಗೆ ಹೊಂಡ ಬಂತು. ಸಾವಿರ ಕಾಟ್ಲಾ ಮೀನು! ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಸಾಕಿ ತೋರಿಸು, ಹೊಂಡ ನಿನ್ನದೇ" ಅಂದ ಅಜ್ಜ. "ಆಗದಿದ್ದರೆ ಊರಿಗೆ ಹೋಗಿ ದೋಣಿ ನಡೆಸು."

ಮೇವು ಸುಲಭ. ತೌಡು, ಶೇಂಗಾ ಹಿಂಡಿ, ಅದಕ್ಕೊಂದು ಹಿಡಿ ಬಾಳೆಸಿಪ್ಪೆಯ ಪುಡಿ. ಉಂಡವರು ಎಲೆಯಲ್ಲಿ ಬಿಟ್ಟ ಸಿಪ್ಪೆಯನ್ನೇ ತೊಳೆದು, ಒಣಗಿಸಿ, ಕುಟ್ಟಿದ್ದು.

ದುರುಗೇಶನಿಗೆ ಅದೇ ಒಗ್ಗಲಿಲ್ಲ. ಮೀನು ಅಂದರೆ ಗಂಗಮ್ಮನ ಮಕ್ಕಳು. ಅವಕ್ಕೆ ಎಂಜಲೆಲೆಯ ಸಿಪ್ಪೆಯೇ? ಛೆ! ಯಾರಿಗೂ ಹೇಳದೆ ಪುಡಿಯನ್ನು ತಿಪ್ಪೆಗೆ ಚೆಲ್ಲಿದ. ಸುಲಿದ ಬಾಳೆಹಣ್ಣಿಗೆ ಬೆಲ್ಲ ಕಲಸಿ, ದಿನಾ ಕೈಮುಗಿದು ನೈವೇದ್ಯ ಮಾಡಿ ಹಾಕಿದ. ಭಕ್ತಿ ಅಂದರೆ ಭಕ್ತಿ!

ತಿಂಗಳೊಳಗೆ ನೀರು ನಾರಿತು. ಹತ್ತು ಮೀನು ಹೊಟ್ಟೆ ಮೇಲಾಗಿ ತೇಲಿದವು. ಉಳಿದವು ಮೇವಿನ ಹತ್ತಿರವೂ ಸುಳಿಯಲಿಲ್ಲ.

ದುರುಗೇಶ ಅಳುತ್ತಾ ಓಡಿಬಂದು ಎಲ್ಲ ಒಪ್ಪಿಕೊಂಡ.

ಅಜ್ಜ ಕೇಳಿದ, "ಒಂದು ಮೀನಿಗೆ ಎಷ್ಟು ಬಾಯಿ?"

"ಒಂದೇ, ಅಜ್ಜಾರೆ."

"ಮೂರು ವರ್ಷ ಇಲ್ಲಿ ಏನು ಕಲಿತೆಯೋ! ಅದರ ಕರುಳಿನಾಗೆ ಕಣ್ಣಿಗೆ ಕಾಣದ ಕೋಟಿ ಜೀವ ಅದಾವೆ. ಮೀನಿಗೆ ಅರಗದ ಸಿಪ್ಪೆ ಅವಕ್ಕೆ ಹಬ್ಬದೂಟ. ಅವು ಉಂಡು ಗಟ್ಟಿ ಇದ್ದರೆ ಮೀನೂ ಗಟ್ಟಿ. ನೀನು ಯಜಮಾನನಿಗೆ ಪಾಯಸ ಬಡಿಸಿ, ಮನೆಯಾಗೆ ದುಡಿಯೋರನ್ನೆಲ್ಲ ಉಪವಾಸ ಕೆಡವಿದಿ."

"ಆದರೆ ಎಂಜಲು..."

"ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆ ಅದು ಯಾರ ಎಂಜಲೋ, ಹುಚ್ಚಪ್ಪಾ?"

ಅಜ್ಜ ಜೋರಾಗಿ ನಕ್ಕ. ದುರುಗೇಶನಿಗೆ ನಗು ಬರಲಿಲ್ಲ.

ಇಬ್ಬರೂ ಸೇರಿ ಹಳೇ ನೀರು ಹೊರಹಾಕಿ ಹೊಳೆಯ ನೀರು ಬಿಟ್ಟರು. ಹೊಸದಾಗಿ ಸಿಪ್ಪೆ ಕುಟ್ಟಿದರು.

"ಮೀನು ಬಾಯಿ ತೆರೆಯೋವರೆಗೆ ನಾನೂ ಅನ್ನ ಮುಟ್ಟೋದಿಲ್ಲ" ಅಂದ ದುರುಗೇಶ.

ಅಜ್ಜ ಮೇವಿನ ಬುಟ್ಟಿಯನ್ನು ಅವನ ಮುಂದೆ ಸರಿಸಿದ.

ನಾಲ್ಕನೆಯ ಮುಂಜಾನೆ ಮೇವು ಬಿದ್ದಾಗ ಒಂದು ಮೀನು ಬಂತು. ಆಮೇಲೆ ಹತ್ತು. ಆಮೇಲೆ ನೋಡಬೇಕಿತ್ತು, ಇಡೀ ಹೊಂಡ ಕೊತಕೊತ ಕುದಿದಂತಾಯಿತು! ದುರುಗೇಶ ಕೇಕೆ ಹಾಕಿ ಕುಣಿದ. ಕುಣಿದವನು ತಲೆಸುತ್ತಿ ದಂಡೆಯ ಮೇಲೆಯೇ ಕೂತುಬಿಟ್ಟ.

"ಅಜ್ಜಾರೆ, ಈಗಲಾದರೂ ಹೇಳಿ. ನಾನು ಇಲ್ಲೇ ಇರಲೋ, ಊರಿಗೆ ಹೋಗಲೋ?"

ಅಜ್ಜ ಬಿಸಿ ಗಂಜಿಯ ಬಟ್ಟಲನ್ನು ಅವನ ಕೈಗಿಟ್ಟ.

"ನಿನ್ನ ಹೊಟ್ಟೆಯಾಗಿನ ಕೋಟಿ ಮಂದಿ ನಾಲ್ಕು ದಿನದಿಂದ ಕಾಯ್ತಾ ಕುಂತಾರೆ. ಮೊದಲು ಅವರಿಗೆ ಬಡಿಸು. ಸಂಜೆ ಮೇವು ಹಾಕೋನು ನೀನೇ."