ಗಡವನ ಬೆನ್ನಿನ ಹೇನು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಈ ಭಾರೀ ಮೀಸೆ ಬೋಳಿಸಿಬಿಡಿ.

ಚಿರತೆಯೊಂದು ಮರದಡಿ ಸುಳಿದು ಹೊರಟುಹೋಯಿತು. ಅದು ಹೋದರೂ ಮರದ ತುದಿಯಲ್ಲಿದ್ದ ಕೋತಿಗಳ ದೊರೆ ಗಡವನ ರಕ್ತದಲ್ಲಿ ಹೆದರಿಕೆಯ ರಸ ಕುದಿಯುತ್ತಲೇ ಇತ್ತು. ಅವನು ಕೆಳಗಿನ ಕೊಂಬೆಯ ಕೆಂಚನಿಗೆ ಬಾರಿಸಿದ. ಕೆಂಚ ತನ್ನ ಕೆಳಗಿನವನಿಗೆ ಬಾರಿಸಿದ. ಹೀಗೆ ಕೊಂಬೆಯಿಂದ ಕೊಂಬೆಗೆ ಇಳಿದ ಏಟು ಕಟ್ಟಕಡೆಯ ಮೋಟಿಯ ಕೆನ್ನೆಗೆ ಬಿತ್ತು. ಅವಳ ಮೈಯೂ ಕುದಿಯಿತು, ಕೈ ಎದ್ದಿತು. ಆದರೆ ಅವಳಿಗಿಂತ ಕೆಳಗಿದ್ದದ್ದು ಎದೆಗೆ ಅಂಟಿಕೊಂಡ ಅವಳ ಮರಿಯೊಂದೇ.

ಎತ್ತಿದ ಕೈಯನ್ನು ಬಿಗಿಹಿಡಿದು ಮೋಟಿ ಮರದ ತುದಿಗೇ ಹತ್ತಿದಳು.

“ಏನೇ, ನನಗೇ ಹೊಡೆಯೋಕೆ ಬಂದೆಯಾ?” ಗಡವ ಗುರ್ರೆಂದ.

“ಅಯ್ಯೋ ದೊರೆ, ಬೆನ್ನ ಮೇಲೆ ಇಷ್ಟು ದಪ್ಪ ಹೇನು! ಅಲ್ಲಾಡಬೇಡಿ,” ಎಂದು ಅವಳು ಕೂದಲು ಬಿಡಿಸತೊಡಗಿದಳು.

ಗಡವನ ಹೆಗಲು ಇಳಿಯಿತು, ಉಸಿರು ನಿಧಾನವಾಯಿತು. “ಇನ್ನೊಂಚೂರು ಎಡಕ್ಕೆ,” ಎಂದು ಗೊಣಗುತ್ತ ಕಣ್ಣು ಮುಚ್ಚಿದ. ಅದನ್ನು ನೋಡಿ ಕೆಂಚನೂ ತಾನು ಹೊಡೆದವನ ಬೆನ್ನು ಕೆರೆದ. ಏಟು ಇಳಿದ ದಾರಿಯಲ್ಲೇ ಹೇನಿನ ಹುಡುಕಾಟವೂ ಇಳಿಯಿತು. ಮರಿ ಹಾಯಾಗಿ ಹಾಲು ಕುಡಿಯಿತು.

ಎಲ್ಲವೂ ನಿಜ. ಆ ಹೇನು ಮಾತ್ರ ಸುಳ್ಳು, ಅದೂ ನನ್ನದಲ್ಲ, ಮೋಟಿಯದು. ಆದರೂ ಬೇಕೆಂದರೆ ನನ್ನ ಮೀಸೆಯ ಒಂದು ಕೂದಲು ಕಿತ್ತುಕೊಳ್ಳಿ, ಮೆಲ್ಲಗೆ.