ಹಲ್ಲು ನುಂಗಿದ ಬಿಳಿಮೀನು

ಒಂದಾನೊಂದು ಊರಂತೆ, ಊರ ಮಗ್ಗುಲಿಗೇ ಹೊಳೆಯಂತೆ. ಹೊಳೆಯಲ್ಲೊಂದು ಮಡು, ಮಡುವಿನಲ್ಲೊಂದು ಬಿಳಿಮೀನು. ಉದ್ದ ಏಳು ಮೊಳ, ಮೈಮೇಲೆ ಅಂಗೈಯಗಲದ ಹುರುಪೆ, ತುಟಿಯ ಮೇಲೆ ನಾಲ್ಕು ಮೀಸೆ. ಆ ಕಾಲದಲ್ಲಿ ಅದರ ಬಾಯ್ತುಂಬ ಹಲ್ಲಿದ್ದವಂತೆ. ನಗಬೇಡಿ, ಇದ್ದವು. ಹೊಸ ನೀರು ಬಂದಾಗ ಹೊಳೆಯ ಮೇಲಕ್ಕೇರಿ ಹೋಗಿ ಮೊಟ್ಟೆಯಿಟ್ಟು, ನೀರು ಇಳಿದಾಗ ಅದೇ ಮಡುವಿಗೆ ಬರುತ್ತಿತ್ತಂತೆ.

ಬರುತ್ತಿದ್ದದ್ದು ಯಾಕೆ? ದೇವೀರವ್ವನ ಮುದ್ದೆಗೆ. ದೇವೀರವ್ವ ಅಂದರೆ ಗಾಳ ಹಾಕುವ ಜವರನ ತಾಯಿ, ಕಣ್ಣು ಮಂಜಾದ ಮುದುಕಿ. ದಿನಾ ಬೆಳಿಗ್ಗೆ ಮಡಕೆ ತೊಳೆಯಲು ಬಂದವಳು ಒಂದು ತುತ್ತು ರಾಗಿಮುದ್ದೆಯನ್ನು ಬೆರಳ ತುದಿಯಲ್ಲಿ ಹಿಡಿದು "ಬಾ ಮಗಾ" ಅನ್ನುವಳು. ಮೀನು ಬಂದು, ಬೆರಳಿಗೆ ಹಲ್ಲು ಸೋಕದ ಹಾಗೆ, ತುಟಿಯಲ್ಲೇ ತೆಗೆದುಕೊಳ್ಳುವುದು.

ಒಂದು ದಿನ ಆ ಊರ ದೊರೆ ಜವರನನ್ನು ಕೆಣಕಿದನಂತೆ. "ಏನೋ ಜವರ, ಆ ಮೀನಿಗೆ ನಾಲ್ಕು ಮೀಸೆ, ನಿನಗೆ ಎರಡೇ. ಹಿಡೀತೀಯೇನೋ ಅದನ್ನ?"

ಜವರ ಮೀಸೆ ತಿರುವಿದ. "ಏಳು ದಿನ ಕೊಡಿ ಬುದ್ಧಿ. ಹಿಡೀದೆ ಹೋದ್ರೆ ಈ ಮೀಸೆ ಬೋಳಿಸ್ಕತೀನಿ."

ಒಂದನೇ ದಿನ ಗಾಳಕ್ಕೆ ಏಡಿ ಕಟ್ಟಿದ. ಮೀನು ಏಡಿ ತಿಂದು ಗಾಳ ಉಗುಳಿತು. ಎರಡನೇ ದಿನ ಎರೆಹುಳ ಕಟ್ಟಿದ. ಮೂಸಲೂ ಇಲ್ಲ. ಮೂರು, ನಾಲ್ಕು, ಐದನೇ ದಿನ ಮುದ್ದೆಯನ್ನೇ ಕಟ್ಟಿ ಎಸೆದ. ದೇವೀರವ್ವನ ಕೈಯದಲ್ಲದ ಮುದ್ದೆ ಅದಕ್ಕೆ ಬೇಡವಂತೆ. ಆರನೇ ದಿನ ಜವರ ಬರೀ ಮೀಸೆ ಮುಟ್ಟಿ ಮುಟ್ಟಿ ನೋಡಿಕೊಂಡ.

ಏಳನೇ ದಿನ ಬೆಳಿಗ್ಗೆ ತಾನೇ ಮುದ್ದೆಯ ಉಂಡೆ ಕಟ್ಟಿ, ಒಳಗೆ ಗಾಳ ಬಚ್ಚಿಟ್ಟ. ಹುರಿಯ ಇನ್ನೊಂದು ತುದಿಯನ್ನು ದಡದ ಹೊಂಗೆ ಮರಕ್ಕೆ ಬಿಗಿದ.

"ಅವ್ವಾ, ಇವತ್ತು ನಿನ್ನ ಮೀನಿಗೆ ನಾನೇ ಉಂಡೆ ಮಾಡಿವ್ನಿ."

"ನೀನಾ? ಅಯ್ಯೋ ನನ್ನಪ್ಪ, ಈಗಲಾದ್ರೂ ಅದರ ಮ್ಯಾಲೆ ಕನಿಕರ ಬಂತಲ್ಲ!" ಅಂತ ಮುದುಕಿ ಮಗನ ಗಲ್ಲ ಸವರಿದಳಂತೆ. ಆಗಲಾದರೂ ಬಾಯಿ ಬಿಡಬಾರದಿತ್ತೇ ಆ ಮೂಳ! ಬಿಡಲಿಲ್ಲ.

ಮುದುಕಿ ಆ ಉಂಡೆಯನ್ನು ಬೆರಳ ತುದಿಯಲ್ಲಿ ಹಿಡಿದು "ಬಾ ಮಗಾ" ಅಂದಳು. ಮೀನು ಬಂತು, ತುತ್ತು ತೆಗೆದುಕೊಂಡಿತು, ಗಾಳ ನಾಟಿತು. ನೋವಿಗೆ ಅದು ಆಳಕ್ಕೆ ನುಗ್ಗಿದ್ದೇ ತಡ, ಹುರಿ ಮುದುಕಿಯ ಬೆರಳಿಗೆ ಸುತ್ತಿಕೊಂಡು ಅವಳನ್ನೂ ನೀರಿಗೆಳೆಯಿತು. ಮೀನು ಸಿಟ್ಟಿನಲ್ಲಿ ತಿರುಗಿ ಹುರಿಯನ್ನು ಕಚ್ಚಿತು. ಹುರಿ ತುಂಡಾಯಿತು, ಜೊತೆಗೆ ಬೆರಳೂ ತುಂಡಾಯಿತು. ಜವರ ಹಾರಿ ತಾಯಿಯನ್ನು ದಡಕ್ಕೆ ತಂದ.

ಮೀನಿನ ಬಾಯಿಗೆ ಆ ಬೆರಳಿಗಂಟಿದ್ದ ರಾಗಿಯ ರುಚಿ ಹತ್ತಿತು. ಯಾರ ಬೆರಳೆಂದು ಗೊತ್ತಾಯಿತು. ದಡದ ಹತ್ತಿರ ತಲೆಯೆತ್ತಿ, "ಅವ್ವಾ, ತುತ್ತು ಕೊಟ್ಟ ಬೆರಳನ್ನೇ ಕಡಿದೆನಲ್ಲಾ. ಈ ಹಲ್ಲು ಇನ್ಯಾರ ಕಣ್ಣಿಗೂ ಬೀಳಬಾರದು" ಅಂದು, ನಾಚಿಕೆಯಿಂದ ಅಷ್ಟೂ ಹಲ್ಲನ್ನು ನುಂಗಿಬಿಟ್ಟಿತಂತೆ. ಅವು ಗಂಟಲಲ್ಲೇ ಸಿಕ್ಕಿಕೊಂಡವು. ಇವತ್ತಿಗೂ ಬಿಳಿಮೀನಿನ ಬಾಯಿ ಬೋಳು, ಹಲ್ಲೆಲ್ಲ ಗಂಟಲೊಳಗೆ.

ಮುದುಕಿ ಕೈಗೆ ಸೆರಗು ಸುತ್ತಿಕೊಂಡು, ಉಳಿದ ಹುರಿಯನ್ನು ತಡವಿದಳು. ಮಗನಿಗೆಂದು ತಾನೇ ಹೊಸೆದಿದ್ದ ಹುರಿ.

"ಜವರಾ, ಗೊತ್ತಿಲ್ದೆ ಕಚ್ಚಿದ್ದು ಹಲ್ಲು ನುಂಗ್ತು. ಗೊತ್ತಿದ್ದೂ ಮಾಡ್ದೋನ ಬಾಯಲ್ಲಿ ಹಲ್ಲು ಹಂಗೇ ಅವೆ, ನೋಡು."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತಂತೆ ಅವನಿಗೆ. ಅವತ್ತೇ ಮೀಸೆ ಬೋಳಿಸಿಕೊಂಡು ದೊರೆಯ ಮುಂದೆ ನಿಂತ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೀನು ಗೆದ್ದುಬಿಡ್ತೇನೋ?"

"ಅದಕ್ಕಲ್ಲ ಬುದ್ಧಿ. ನಮ್ಮವ್ವನ ಕೈಯಲ್ಲಿ ಮೋಸ ಮಾಡಿಸ್ದೆ."

ದೊರೆಯ ನಗು ಅಲ್ಲೇ ನಿಂತಿತು.

ಜವರ ಮತ್ತೆ ಗಾಳ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಅವ್ವನ ಜೊತೆ ಹೋಗಿ, ಉಂಡೆಯನ್ನು ಎರಡಾಗಿ ಮುರಿದು, ಒಳಗೇನೂ ಇಲ್ಲವೆಂದು ತೋರಿಸಿ ನೀರಿಗೆ ಹಿಡಿಯುವನಂತೆ. ಆ ಊರವರು ಈಗಲೂ ಹಾಗೇ ಮುರಿದು ತೋರಿಸುತ್ತಾರಂತೆ. ಮೂರು ಮಳೆಗಾಲ ಮೀನು ಅವನ ಕೈಗೆ ಬರಲಿಲ್ಲ. ನಾಲ್ಕನೆಯದರಲ್ಲಿ ಬಂತು. ಅಷ್ಟರಲ್ಲಿ ಜವರನ ಮೀಸೆ ಮತ್ತೆ ಬೆಳೆದಿತ್ತು. ಅವ್ವನ ಬೆರಳು ಬೆಳೆಯಲಿಲ್ಲ.

ಮೀನು ತನ್ನ ಮಡುವಿನಲ್ಲಿ, ಕಥೆ ನಿಮ್ಮ ಮಡಿಲಲ್ಲಿ.